ಮೂವತ್ತೊಂದು ಚುಕ್ಕಿಯ ಆನೆ

ಮಾರ್ಚ್ 3, ಸೋಮವಾರ

ನರದ ಡಾಕ್ಟರು ದಿನಕ್ಕೊಂದು ಪುಟ ಬರೆಯಿರಿ ಎಂದಿದ್ದಾರೆ. ಏನು ಬರೆಯಬೇಕು ಎಂದು ಕೇಳಿದೆ. “ಏನಾದ್ರೂ ಬರೀರಿ. ಯಾರಿಗೂ ತೋರಿಸೋದು ಬೇಡ. ಕೈಗೆ ಸ್ವಲ್ಪ ಅಭ್ಯಾಸ ಇರ್ಲಿ ಅಂತ.” ಮೂವತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದವಳಿಗೆ ಕೈಗೆ ಅಭ್ಯಾಸ ಇರಲಿ ಎನ್ನುತ್ತಾರೆ! ಮೀನಿಗೆ ಈಜು ಕಲಿಸಲು ಹೊರಟಿದ್ದಾರೆ.

ನನ್ನ ಬಲಗೈ ನಡುಗುತ್ತದೆ. ಬರೆದೇಬಿಟ್ಟೆ. ಒಂದು ವರ್ಷದಿಂದ ನಡುಗುತ್ತಿದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕುಂಚ ಎಲ್ಲಿ ಜಾರಿದರೂ ಅಲ್ಲಿ ಬಿಳಿ ಬಣ್ಣ ಹಚ್ಚಿ ಮುಚ್ಚಿ, ಒಣಗಿದ ಮೇಲೆ ಅದರ ಮೇಲೆಯೇ ಮತ್ತೆ ಬರೆದು ಹೇಗೋ ದಿನ ತಳ್ಳಿದೆ. ಕಳೆದ ವಾರ ಬೇಕರಿಯ ಬೋರ್ಡಿನಲ್ಲಿ ಎಲ್ಲ ಬಯಲಾಯಿತು. ದೊಡ್ಡ ಅಕ್ಷರದ ಕೊಂಬು ಎಳೆಯುವಾಗ ಕುಂಚ ಅರ್ಧ ಗೇಣು ಆಚೆ ಹೋಯಿತು. ಬೇಕರಿಯವನು ಮೊಳೆ ಸೊಟ್ಟಗಿದ್ದರೂ ಜಗಳಕ್ಕೆ ಬರುವ ಮನುಷ್ಯ. ಅವತ್ತು ಮಾತ್ರ “ಪರವಾಗಿಲ್ಲ ಬಿಡಿ ಅಮ್ಮ” ಎಂದ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ನೋಡಿದರೆ ಅಲ್ಲಿ ಪ್ರಿಂಟ್ ಮಾಡಿದ ಬೋರ್ಡು ನೇತಾಡುತ್ತಿತ್ತು.

“ಪ್ರಾಣಕ್ಕೇನೂ ತೊಂದ್ರೆ ಇಲ್ಲಮ್ಮ, ಹೆದರೋ ಅಂಥ ಕಾಯಿಲೆ ಅಲ್ಲ. ಆದ್ರೆ ಪೂರ್ತಿ ಹೋಗುತ್ತೆ ಅಂತ ಹೇಳಲಾರೆ” ಎಂದರು ಡಾಕ್ಟರು. ಪ್ರಾಣದ ವಿಷಯ ಯಾರು ಕೇಳಿದ್ದರು? ನಾನು ಕೇಳಿದ್ದು ಕೈಯ ವಿಷಯ.

ಮನೆಗೆ ಬಂದಾಗ ಸೊಸೆ ಕಾಫಿ ತಂದಿಟ್ಟಳು. ಎಂದಿನಂತೆ ಅರ್ಧ ಲೋಟ. ತಿಂಗಳುಗಳಿಂದ ನೋಡುತ್ತಿದ್ದೇನೆ, ಈ ಹುಡುಗಿಯ ಕೈ ಬಹಳ ಬಿಗಿ. ಇಂಥ ದಿನವಾದರೂ ಲೋಟ ತುಂಬ ಕೊಡಬಾರದೇ?

ಮಾರ್ಚ್ 5, ಬುಧವಾರ

ನಮ್ಮ ಮನೆಯ ಮುಂದಿನ ಕೋಣೆ ಈಗ ಸೊಸೆಯ ಅಂಗಡಿ. ಮೊದಲು ಅಲ್ಲಿ ನನ್ನ ಬಣ್ಣದ ಡಬ್ಬಿಗಳಿದ್ದವು. ಈಗ ಒಂದು ಕಂಪ್ಯೂಟರ್, ಒಂದು ಉದ್ದನೆಯ ಕತ್ತರಿಸುವ ಯಂತ್ರ, ಗೋಡೆಗೆ ಒರಗಿಸಿದ ಸ್ಟಿಕ್ಕರ್ ಸುರುಳಿಗಳು. ಅವಳು ಪರದೆಯ ಮೇಲೆ ಅಕ್ಷರ ಜೋಡಿಸುತ್ತಾಳೆ, ಯಂತ್ರದ ಬ್ಲೇಡು ಸ್ಟಿಕ್ಕರನ್ನು ಕೊರೆಯುತ್ತದೆ, ಬೇಡದ್ದನ್ನು ಸೂಜಿಯಿಂದ ಕಿತ್ತು ಬಿಸಾಡಿದರೆ ಬೋರ್ಡು ಮುಗಿಯಿತು. ಒಂದು ತೊಟ್ಟು ಬಣ್ಣವಿಲ್ಲ, ಒಂದು ಹನಿ ಬೆವರಿಲ್ಲ. ನಾನು ಅದನ್ನು ಅಂಟಿನ ಅಂಗಡಿ ಎನ್ನುತ್ತೇನೆ. ಮಗ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಉಳಿದ ದಿನ ಮನೆಯಲ್ಲಿ ನಾವಿಬ್ಬರೇ, ಒಂದು ಕುಂಚ ಮತ್ತು ಒಂದು ಬ್ಲೇಡು.

ಇವತ್ತು ಮಕ್ಕಳ ಆಸ್ಪತ್ರೆಯ ಮೇಲ್ವಿಚಾರಕಿ ಬಂದಿದ್ದರು. ಇಪ್ಪತ್ತು ವರ್ಷದ ಹಿಂದೆ ಆ ಆಸ್ಪತ್ರೆಯ ಗೋಡೆಗಳಲ್ಲಿ ನಾನು ಹನ್ನೆರಡು ಬಗೆಯ ಪ್ರಾಣಿ ಬರೆದಿದ್ದೆ. ಓದಲು ಬಾರದ ಮಕ್ಕಳಿಗೆ ಅವೇ ದಾರಿ. ಆನೆಗಳ ಹಿಂದೆ ಹೋದರೆ ಎಕ್ಸ್-ರೇ, ಬಾತುಕೋಳಿಗಳ ಹಿಂದೆ ಹೋದರೆ ರಕ್ತ ಪರೀಕ್ಷೆ, ಅಳಿಲುಗಳ ಹಿಂದೆ ಹೋದರೆ ಕಣ್ಣಿನ ಡಾಕ್ಟರು. ಪ್ರಾಣಿಯ ಮುಖ ಯಾವ ಕಡೆಗೋ ದಾರಿಯೂ ಆ ಕಡೆಗೆ. ಈಗ ಹಳೆಯ ಕಟ್ಟಡ ಕೆಡವುತ್ತಾರಂತೆ. ಹೊಸದು ಏಪ್ರಿಲ್ ಹತ್ತಕ್ಕೆ ತೆರೆಯುತ್ತದೆ.

“ನಮ್ಗೆ ಅದೇ ಪ್ರಾಣಿಗಳು ಬೇಕು. ಆದ್ರೆ ಈಗ ಗೋಡೆ ಮೇಲೆ ಪೇಂಟ್ ಮಾಡೋ ಹಾಗಿಲ್ಲ, ದಿನಾ ಔಷಧಿ ಹಾಕಿ ಒರೆಸ್ತಾರೆ. ಸ್ಟಿಕ್ಕರೇ ಆಗ್ಬೇಕು. ಬಾಗಿಲ ಮೇಲೆ ಅಂಗೈಯಷ್ಟು, ಹಜಾರದಲ್ಲಿ ಆಳೆತ್ತರ. ಅದಕ್ಕೇ ವೆಕ್ಟರ್‌ನಲ್ಲಿ ಮಾಡ್ಕೊಡಿ. ನಿಮ್ಮ ಕೈಲಿ ಆಗ್ದಿದ್ರೆ ಹೇಳಿ, ಬೇಜಾರಿಲ್ಲ, ರೆಡಿಮೇಡ್ ಚಿತ್ರ ತಗೊಂಡು ಹಾಕಿಸ್ತೀವಿ.”

ವೆಕ್ಟರ್ ಎಂದರೆ ಏನೆಂದು ನಾನು ಕೇಳುವ ಮೊದಲೇ ಸೊಸೆ “ಅತ್ತೆ ಮಾಡ್ಕೊಡ್ತಾರೆ ಮೇಡಂ” ಎಂದುಬಿಟ್ಟಳು.

ಮಾರ್ಚ್ 6, ಗುರುವಾರ

ಸೊಸೆಯ ಜೊತೆ ಮಾತು ಬಿಟ್ಟಿದ್ದೇನೆ. ಮಾತು ಬಿಟ್ಟಿದ್ದೇನೆ ಎಂದು ತಿಳಿಸಲು ಮೂರು ಸಲ ಮಾತಾಡಬೇಕಾಯಿತು.

“ನನ್ನ ಕೇಳ್ದೆ ಯಾಕೆ ಒಪ್ಕೊಂಡೆ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಈ ಕೈಯಲ್ಲಿ ಆನೆ ಬೆನ್ನಿನ ಗೆರೆ ಎಳೆದ್ರೆ ಅದು ಆನೆ ಬೆನ್ನಾಗುತ್ತಾ, ಗರಗಸ ಆಗುತ್ತಾ?”

“ವೆಕ್ಟರ್ ಅಂದ್ರೆ ಎಷ್ಟು ದೊಡ್ಡದು ಮಾಡಿದ್ರೂ ಕೆಡದ ಕಂಪ್ಯೂಟರ್ ಚಿತ್ರ ಅತ್ತೆ. ಇದ್ರಲ್ಲಿ ಗೆರೆ ಎಳೆಯೋದೇ ಇಲ್ಲ. ಚುಕ್ಕಿ ಇಡೋದು ಅಷ್ಟೇ. ಗೆರೆ ಅದೇ ಹಾಕ್ಕೊಳ್ಳುತ್ತೆ.”

ಗೆರೆ ತಾನೇ ಹಾಕಿಕೊಳ್ಳುತ್ತದಂತೆ. ಹಾಗಾದರೆ ನಾನು ಯಾಕೆ, ಅದೇ ಹಾಕಿಕೊಳ್ಳಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿಂದಿನವರು ಸುಮ್ಮನೆ ಹೇಳಿಲ್ಲ.

ಮಾರ್ಚ್ 8, ಶನಿವಾರ

ಹಾಳಾಗಲಿ ಎಂದು ಕುಳಿತೆ. ಮೌಸು ಹಿಡಿದರೆ ಪರದೆಯ ಮೇಲಿನ ಬಾಣ ಕಪ್ಪೆಯಂತೆ ಕುಪ್ಪಳಿಸುತ್ತದೆ. ಒಂದು ಚುಕ್ಕಿ ಇಡಬೇಕು, ಇನ್ನೊಂದು ಇಟ್ಟು ಎಳೆಯಬೇಕು. ಎಳೆದಾಗ ಚುಕ್ಕಿಯ ಎರಡು ಪಕ್ಕಕ್ಕೂ ಕಡ್ಡಿಯಂಥದ್ದು ಹೊರಡುತ್ತದೆ. ಅವಳು ಅದಕ್ಕೆ ಹ್ಯಾಂಡಲ್ ಎನ್ನುತ್ತಾಳೆ, ನನಗೆ ಮೀಸೆಯಂತೆ ಕಾಣುತ್ತದೆ. ಮೀಸೆ ತಿರುವಿದರೆ ಗೆರೆ ಬಾಗುತ್ತದೆ, ಮೀಸೆ ಉದ್ದವಾದಷ್ಟೂ ಬಾಗು ಉಬ್ಬುತ್ತದೆ. ಎರಡು ಗಂಟೆ ಮೀಸೆ ತಿರುವಿದೆ. ಆನೆಯ ಬೆನ್ನು ಮಾಡಲು ಹೋದರೆ ಎಮ್ಮೆಯ ಹೊಟ್ಟೆಯಾಯಿತು.

“ಈ ಕುರ್ಚಿ ಸರಿ ಇಲ್ಲ” ಎಂದು ಎದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಗಾದೆ ನೆನಪಾಗಿ ನನಗೇ ನಗು ಬಂತು. ಅವಳ ಮುಂದೆ ನಗಲಿಲ್ಲ.

ಮಾರ್ಚ್ 9, ಭಾನುವಾರ

ಇವತ್ತು ನಾನು ಕಂಪ್ಯೂಟರಿನ ಮುಖ ನೋಡಲಿಲ್ಲ. ಅದೂ ನನ್ನ ಮುಖ ನೋಡಲಿಲ್ಲ. ಇಬ್ಬರಿಗೂ ನೆಮ್ಮದಿ.

ಮಾರ್ಚ್ 10, ಸೋಮವಾರ

ಸೊಸೆ ಹಳೆಯ ಆಸ್ಪತ್ರೆಗೆ ಹೋಗಿ ನನ್ನ ಆನೆಯ ಫೋಟೊ ತೆಗೆದುಕೊಂಡು ಬಂದಳು. “ನೀವು ಬೇಡ ಅಂದ್ರೆ ಬೇಡ ಬಿಡಿ ಅತ್ತೆ, ಇದಕ್ಕೊಂದು ದಾರಿ ಇದೆ” ಎಂದು ಏನೋ ಒತ್ತಿದಳು. ಕಂಪ್ಯೂಟರು ತಾನೇ ಫೋಟೊದ ಸುತ್ತ ಗೆರೆ ಹಾಕಿಬಿಟ್ಟಿತು. ಸುಣ್ಣ ಉದುರಿದ ಜಾಗ, ಮಳೆನೀರು ಇಳಿದ ಕಲೆ, ಯಾವನೋ ಮೊಳೆ ಹೊಡೆದ ತೂತು, ಎಲ್ಲವನ್ನೂ ಆನೆಯ ಮೈ ಎಂದೇ ತಿಳಿದು ಒಂಬೈನೂರು ಚುಕ್ಕಿ ಇಟ್ಟಿತ್ತು.

“ಏನೇ ಇದು? ನನ್ನ ಆನೆಗೆ ಸಿಡುಬು ಬಂದಿದೆ!”

“ದೂರದಿಂದ ಗೊತ್ತಾಗಲ್ಲ ಅತ್ತೆ.”

“ಮಕ್ಕಳು ದೂರದಿಂದ ನೋಡ್ತಾವಾ? ಮೂಗು ತಾಗಿಸ್ಕೊಂಡು ನೋಡ್ತಾವೆ. ಏಳು, ಏಳು ಅಲ್ಲಿಂದ.”

ಅವಳನ್ನು ಎಬ್ಬಿಸಿ ನಾನು ಕುಳಿತೆ. ಅವಳು ಬಾಗಿಲ ಬಳಿ ನಿಂತು ನಗುತ್ತಿದ್ದಳೋ ಏನೋ, ನಾನು ತಿರುಗಿ ನೋಡಲಿಲ್ಲ.

ಮಾರ್ಚ್ 12, ಬುಧವಾರ

ಸಿಕ್ಕಿತು! ಇದನ್ನು ಬರೆಯದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ಬೆಳಿಗ್ಗೆ ಬೆನ್ನಿನ ಗೆರೆಗೆ ಹದಿನಾಲ್ಕು ಚುಕ್ಕಿ ಇಟ್ಟಿದ್ದೆ, ಬೆನ್ನು ಮೂಟೆಯಂತೆ ಅಲ್ಲಲ್ಲಿ ಗಂಟಾಗಿತ್ತು. ಸೊಸೆ ಹಿಂದಿನಿಂದ ಬಂದು, “ಚುಕ್ಕಿ ಜಾಸ್ತಿ ಆಯ್ತು ಅತ್ತೆ. ಗೆರೆ ಎಲ್ಲಿ ತಿರುಗುತ್ತೋ ಅಲ್ಲಿ ಮಾತ್ರ ಇಡಿ” ಎಂದಳು.

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ನನಗೆ ಕುಂಚ ಹಿಡಿಯಲು ಕಲಿಸಿದವರು ನನ್ನ ಯಜಮಾನರು. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಹೋದರು, ಆಮೇಲೆ ಅವರ ಏಣಿ ನಾನು ಹತ್ತಿದೆ. ಅವರು ಇದನ್ನೇ ಹೇಳುತ್ತಿದ್ದರು: “ಗೆರೆ ತಿರುಗೋ ಕಡೆ ಮಾತ್ರ ನಿಲ್ಲು. ಮಧ್ಯ ನಿಂತ್ರೆ ಗಂಟು ಬೀಳುತ್ತೆ.” ಹೆಸರೇ ಗೊತ್ತಿಲ್ಲದ ಈ ವೆಕ್ಟರ್ ವಿದ್ಯೆ ನನಗೆ ಮೂವತ್ತು ವರ್ಷದಿಂದ ಗೊತ್ತಿತ್ತು!

ಎಲ್ಲ ಅಳಿಸಿದೆ. ಕಣ್ಣು ಮುಚ್ಚಿ ಹಳೆಯ ಗೋಡೆಯ ಮುಂದೆ ನಿಂತಂತೆ ನೆನೆಸಿಕೊಂಡೆ. ತಲೆಯ ಉಬ್ಬು ಇಳಿಯುವಲ್ಲಿ ಒಂದು, ಬೆನ್ನು ಏರುವಲ್ಲಿ ಒಂದು, ಬಾಲದ ಬುಡದಲ್ಲಿ ಒಂದು. ಸಂಜೆಯ ಹೊತ್ತಿಗೆ ಮೂವತ್ತೊಂದು ಚುಕ್ಕಿಯಲ್ಲಿ ಇಡೀ ಆನೆ ನಿಂತಿತು. ನಡುಕವಿರುವುದು ನನ್ನ ಕೈಯಲ್ಲಿ, ಗೆರೆಯಲ್ಲಿ ಎಳ್ಳಷ್ಟೂ ಇಲ್ಲ. ಸೊಸೆ ಎಣಿಸಿ ನೋಡಿ, “ನಾನು ಮಾಡಿದ್ರೂ ಐವತ್ತು ಆಗ್ತಿತ್ತು” ಎಂದಳು. ಅವಳ ಬಾಯಿಂದ ಇಂಥ ಮಾತು ಬಂದದ್ದು ಮದುವೆಯಾಗಿ ಆರು ವರ್ಷದಲ್ಲಿ ಮೊದಲು.

ಮಾರ್ಚ್ 17, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಪುರುಸೊತ್ತು ಎಲ್ಲಿದೆ?

ಆನೆ, ಮೊಲ, ಆಮೆ, ಅಳಿಲು ಆದವು. ಒಂದು ಉಪಾಯ ಕಂಡುಕೊಂಡಿದ್ದೇನೆ. ಚಿತ್ರವನ್ನು ಪರದೆಯ ತುಂಬ ದೊಡ್ಡದು ಮಾಡಿಕೊಳ್ಳುತ್ತೇನೆ, ಅಳಿಲಿನ ಒಂದು ಕಿವಿಯೇ ಬಾಗಿಲಷ್ಟು ದೊಡ್ಡದು. ಅಷ್ಟು ದೊಡ್ಡದರಲ್ಲಿ ನನ್ನ ಕೈ ಅತ್ತಿತ್ತ ಹೋದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಚುಕ್ಕಿ ಕೂದಲೆಳೆ ಆಚೀಚೆ ಕುಳಿತರೆ ಕೀಬೋರ್ಡಿನ ಬಾಣದ ಗುಂಡಿಯಿಂದ ತಳ್ಳಿ ಕೂರಿಸುತ್ತೇನೆ.

ಇನ್ನೊಂದು ಗುಂಡಿಯಿದೆ, ಒತ್ತಿದರೆ ಈಗಷ್ಟೇ ಮಾಡಿದ ತಪ್ಪು ಇಲ್ಲವಾಗುತ್ತದೆ. ಮತ್ತೆ ಒತ್ತಿದರೆ ಅದರ ಹಿಂದಿನದು. ಇವತ್ತು ನಲವತ್ತು ಸಲ ಒತ್ತಿರಬಹುದು.

“ಸಂಸಾರಕ್ಕೂ ಇಂಥದ್ದೊಂದು ಗುಂಡಿ ಇದ್ದಿದ್ರೆ?” ಎಂದೆ.

“ನಿಮ್ಮ ಮಗನ್ನ ಒಪ್ಕೊಂಡ ದಿನದವರೆಗೂ ಒತ್ತುತ್ತಾ ಹೋಗ್ತಿದ್ದೆ ಅತ್ತೆ” ಎಂದಳು. ಇಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ಪಾಪ, ನನ್ನ ಮಗ ಎಲ್ಲೋ ದಾರಿಯಲ್ಲಿ ಸೀನಿರಬೇಕು.

ಮಾರ್ಚ್ 21, ಶುಕ್ರವಾರ

ಒಂಬತ್ತಾದವು. ಕೆಲಸ ಈಗ ಕುದುರೆಯಂತೆ ಓಡುತ್ತಿದೆ. ಪ್ರತಿ ತಪ್ಪಿಗೂ ಹಿಂದಕ್ಕೆ ಹಿಂದಕ್ಕೆ ಎಂದು ಒತ್ತುತ್ತ ಕೂರುವುದನ್ನು ಬಿಟ್ಟಿದ್ದೇನೆ. ನನ್ನದೇ ಹಳೆಯ ವಿದ್ಯೆ ಸಾಕು. ಸೊಂಡಿಲು ಸರಿಬರಲಿಲ್ಲವೋ, ಅದರ ಮೇಲೊಂದು ಬಿಳಿ ತೇಪೆ ಹಾಕುತ್ತೇನೆ, ತೇಪೆಯ ಮೇಲೆ ಹೊಸ ಸೊಂಡಿಲು ಬರೆಯುತ್ತೇನೆ. ಪರದೆಯ ಮೇಲೆ ಯಾರಪ್ಪನಿಗೂ ಗೊತ್ತಾಗುವುದಿಲ್ಲ. ನರಿಯ ಬಾಲದ ಕೆಳಗೆ ನಾಲ್ಕು ಬಾಲಗಳಿವೆ, ಜಿರಾಫೆಯ ಕೊರಳಿಗೆ ಲೆಕ್ಕವೇ ಇಲ್ಲ. ಮೊದಲು ಮಾಡಿದ ಆನೆಯ ಸೊಂಡಿಲು, ಮೊಲದ ಕಿವಿಗಳನ್ನೂ ಹೀಗೆಯೇ ಇನ್ನಷ್ಟು ಅಂದಗೊಳಿಸಿದೆ. ಸೊಸೆಗೆ ಹೇಳಲಿಲ್ಲ. ಎಲ್ಲವನ್ನೂ ಅವಳಿಂದಲೇ ಕಲಿಯಬೇಕೆಂದು ಎಲ್ಲಿ ಬರೆದಿದೆ?

ಮಾರ್ಚ್ 23, ಭಾನುವಾರ

ಮಗ ಬಂದಿದ್ದ. ನಾನು ಕಂಪ್ಯೂಟರಿನ ಮುಂದೆ ಕುಳಿತದ್ದನ್ನು ನೋಡಿ ಖುಷಿಪಡುತ್ತಾನೆ ಎಂದುಕೊಂಡಿದ್ದೆ.

“ಸಾಕು ಮಾಡಮ್ಮ. ಕೈ ಹೀಗಿರೋವಾಗ ಯಾಕೆ ಒದ್ದಾಡ್ತೀಯ? ನಾವಿಬ್ರೂ ದುಡೀತಿಲ್ವಾ? ಕೂತು ಉಣ್ಣು.”

ಪ್ರೀತಿಯಿಂದಲೇ ಹೇಳಿದ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಐವತ್ತಾರು ವರ್ಷಕ್ಕೆ ಕೂತು ಉಣ್ಣಬೇಕೇ? ಆ ಹನ್ನೆರಡು ಪ್ರಾಣಿ ಆ ಗೋಡೆಗೆ ಹತ್ತದಿದ್ದರೆ ನಾನು ಬೋರ್ಡ್ ಬರೆಯುತ್ತಿದ್ದ ಒಬ್ಬಳು ಮುದುಕಿ ಅಷ್ಟೇ. ಹತ್ತಿದರೆ ಈಗಲೂ ಕೆಲಸದವಳು. ಇದನ್ನು ಅವನಿಗೆ ಹೇಗೆ ಹೇಳಲಿ?

ಸೊಸೆ ಮಾತ್ರ ಅಡುಗೆಮನೆಯಿಂದ, “ಅವ್ರಿಗೆ ಇನ್ನೂ ಮೂರು ಬಾಕಿ ಇದೆ, ತೊಂದ್ರೆ ಕೊಡ್ಬೇಡಿ” ಎಂದಳು.

ಮಾರ್ಚ್ 27, ಗುರುವಾರ

ಏನೆಂದು ಬರೆಯಲಿ.

ನಿನ್ನೆ ಹನ್ನೆರಡೂ ಮುಗಿಸಿ ಕೊಟ್ಟಿದ್ದೆ. ಸೊಸೆ ಬೆಳಿಗ್ಗೆ ಯಂತ್ರಕ್ಕೆ ಸುರುಳಿ ಹಾಕಿ, ಕತ್ತರಿಸಲು ಬಿಟ್ಟು, ಬೇರೆಯವರ ಬೋರ್ಡು ತಲುಪಿಸಲು ಹೋದಳು. ನಾನು ಹೊರಗೆ ಕುಳಿತು ಬ್ಲೇಡಿನ ಸದ್ದು ಹಾಡು ಕೇಳಿದ ಹಾಗೆ ಕೇಳುತ್ತಿದ್ದೆ. ಅವಳು ಮಧ್ಯಾಹ್ನ ಬಂದು, ಮೊದಲ ಹಾಳೆ ಎತ್ತಿ, ಸೂಜಿಯಿಂದ ಬೇಡದ್ದನ್ನು ಕೀಳತೊಡಗಿದಳು. ಆನೆಯ ಸೊಂಡಿಲು ಮೂರು ತುಂಡಾಗಿ ಕೈಗೆ ಬಂತು. ಇನ್ನೊಂದು ಹಾಳೆ ತೆಗೆದಳು. ನರಿಗೆ ಬಾಲವೇ ನಿಲ್ಲಲಿಲ್ಲ, ಚೂರುಚೂರಾಗಿ ಉದುರಿತು.

ಬ್ಲೇಡಿಗೆ ಬಣ್ಣ ಕಾಣುವುದಿಲ್ಲವಂತೆ. ಬಿಳಿ ತೇಪೆಯೂ ಅದಕ್ಕೆ ಒಂದು ಆಕಾರ, ಅದರ ಕೆಳಗೆ ನಾನು ಮುಚ್ಚಿಟ್ಟ ಸೊಂಡಿಲೂ ಒಂದು ಆಕಾರ. ಇದ್ದದ್ದನ್ನೆಲ್ಲ ಕೊರೆದಿದೆ. ಹನ್ನೆರಡು ಪ್ರಾಣಿ, ಎಲ್ಲ ಅಳತೆಯಲ್ಲಿ, ತಂದಿಟ್ಟ ಸುರುಳಿಗಳಲ್ಲಿ ಅರ್ಧ ಹಾಳು.

“ಕಳಿಸೋ ಮುಂಚೆ ನೀನು ನೋಡ್ಬಾರ್ದಿತ್ತಾ?” ಎಂದೆ. ತಪ್ಪು ನನ್ನದೆಂದು ಗೊತ್ತಿದ್ದೂ ಎಂದೆ.

“ನಿಮ್ಮ ಚಿತ್ರನ ನಾನು ಪರೀಕ್ಷೆ ಮಾಡೋದಾ ಅತ್ತೆ? ಅದಕ್ಕೇ ನೋಡ್ಲಿಲ್ಲ.”

ಆಮೇಲೆ ಅವಳು ಪರದೆಯ ಮೇಲೆ ಏನೋ ಒತ್ತಿದಳು. ಬಣ್ಣವೆಲ್ಲ ಹೋಗಿ ಬರೀ ಗೆರೆ ಉಳಿಯಿತು. ನಾನು ಮುಚ್ಚಿಟ್ಟದ್ದೆಲ್ಲ ಅಲ್ಲಿತ್ತು, ಒಂದರ ಮೇಲೊಂದು, ಹುಳುವಿನ ಗೂಡಿನಂತೆ. ಅವಳು ಪರದೆಯನ್ನೇ ನೋಡುತ್ತ ಹೇಳಿದಳು, “ತಪ್ಪಾಗಿದ್ದಕ್ಕೆ ನಂಗೆ ಬೇಜಾರಿಲ್ಲ. ಮುಚ್ಚಿಟ್ರಲ್ಲ, ಅದಕ್ಕೆ. ಕೈ ನಡುಗೋದನ್ನೂ ಹೀಗೇ ಒಂದು ವರ್ಷ ಮುಚ್ಚಿಟ್ರಿ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ನಿಮ್ಮ ಲೋಟಕ್ಕೆ ಮಾತ್ರ ಅರ್ಧ ಕಾಫಿ ಯಾಕೆ ಹಾಕ್ತೀನಿ ಅಂತ ಒಂದಿನ ಆದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಚೆಲ್ಲಬಾರದೆಂದು ಅವಳು ಅಳತೆ ಮಾಡಿ ಹಾಕುತ್ತಿದ್ದಳು, ನಾನು ಕೈ ಬಿಗಿ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಆಮೇಲೆ ಬೇಡ ಎನಿಸಿತು. ಇರಲಿ ಅದು, ಹಾಗೆಯೇ.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ಅವಳು ಫೋನ್ ಕೈಗೆ ತೆಗೆದುಕೊಂಡಳು. “ಮೇಡಂಗೆ ಹೇಳ್ಬಿಡ್ತೀನಿ ಅತ್ತೆ. ಐದನೇ ತಾರೀಖಿಂದ ಅಂಟಿಸೋಕೆ ಶುರು ಮಾಡ್ಬೇಕು. ರೆಡಿಮೇಡ್ ತಗೊಳ್ಳಿ ಅಂತೀನಿ. ಅಂಟಿಸೋ ಕೆಲ್ಸ ಆದ್ರೂ ನಮ್ಗೆ ಉಳಿಯುತ್ತೆ.”

“ಫೋನ್ ಕೆಳಗಿಡು.”

“ಎಂಟೇ ದಿನ ಇರೋದು.”

“ಆರು ದಿನ ಸಾಕು. ಮೊದ್ಲ ಸಲ ಕಲೀತಾ ಮಾಡ್ದೆ, ಈಗ ಬರುತ್ತೆ. ತೇಪೆ ಹಾಕಲ್ಲ. ದಿನಾ ಸಂಜೆ ನೀನು ನೋಡು, ಆ ಬರೀ ಗೆರೆ ತೋರ್ಸೋದನ್ನ ಒತ್ತಿ ನೋಡು, ನನ್ನ ಮುಂದೇನೇ ನೋಡು. ತಪ್ಪಿದ್ರೆ ತಪ್ಪು ಅನ್ನು.”

ಅವಳು ಫೋನನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಟ್ಟಳು. ಇದೇ ಅವಳಿಗೆ ಇಲ್ಲಿಯವರೆಗೆ ಸಿಕ್ಕ ದೊಡ್ಡ ಕೆಲಸ. ಕೈತಪ್ಪಿದರೆ ಅವಳ ಅಂಗಡಿಗೂ ಕೆಟ್ಟ ಹೆಸರು. ಆದರೂ ಎಳೆದುಕೊಟ್ಟಳು.

ಮಾರ್ಚ್ 31, ಸೋಮವಾರ

ಆನೆ ಮತ್ತೆ ಮೂವತ್ತೊಂದು. ಮೊಲ ಇಪ್ಪತ್ತೆರಡು. ಆಮೆ ಹದಿನೆಂಟು. ಸೊಸೆ ಸಂಜೆ ಪರೀಕ್ಷೆ ಮಾಡಿ ಆಮೆಯ ಕಾಲು ಸರಿಯಿಲ್ಲ ಎಂದಳು. ಸರಿಯಿರಲಿಲ್ಲ. ತೆಗೆದು ಮತ್ತೆ ಮಾಡಿದೆ.

ಏಪ್ರಿಲ್ 2, ಬುಧವಾರ

ಎಂಟು. ಜಿರಾಫೆಯ ಕೊರಳು ಒಂದೇ ಸಲಕ್ಕೆ ಬಂತು.

ಈಗ ಒಬ್ಬರಿಗೊಬ್ಬರು ಕುಟುಕುವುದು ಅಭ್ಯಾಸವಾಗಿದೆ. “ಅತ್ತೆ, ನಿಮ್ಮ ಕರಡಿ ನಿಮ್ಮ ಮಗನ ಥರ ಇದೆ” ಎಂದಳು. ದಿಟ್ಟಿಸಿ ನೋಡಿದೆ, ಹೌದು, ಹೊಟ್ಟೆ ಅವನದೇ. ಬದಲಾಯಿಸಲಿಲ್ಲ.

ಏಪ್ರಿಲ್ 4, ಶುಕ್ರವಾರ

ಹನ್ನೆರಡು. ನಿನ್ನೆಯೇ ಮುಗಿದವು, ಇವತ್ತು ಕತ್ತರಿಸಿದೆವು. ಮೊದಲು ಅಂಗೈಯಷ್ಟು ಒಂದೇ ಒಂದು ನರಿ. ಸೊಸೆ ಸೂಜಿ ಹಾಕಿ ಸುತ್ತಲಿನದನ್ನು ಎತ್ತಿದಳು. ಒಂದೇ ಬಾಲ, ಒಂದೇ ತುಂಡು.

ಅವಳು ನನ್ನ ಭುಜ ಹಿಡಿದು ಅಲುಗಾಡಿಸಿದಳು. ನಾನು ಮೊದಲೇ ಅಲುಗಾಡುವವಳು, ಸಾಲದ್ದಕ್ಕೆ ಇವಳೊಬ್ಬಳು!

ಏಪ್ರಿಲ್ 6, ಭಾನುವಾರ

ನಿನ್ನೆಯಿಂದ ಅವಳು ಆಸ್ಪತ್ರೆಯಲ್ಲಿ ಅಂಟಿಸುತ್ತಿದ್ದಾಳೆ. ಮಗ ರಜೆ ಹಾಕಿ ಏಣಿ ಹಿಡಿಯಲು ಹೋಗಿದ್ದಾನೆ. ನಾನು ಹೋಗಿಲ್ಲ. ಅಂಟಿಸುವ ಕೆಲಸ ನನ್ನಿಂದಾಗದು, ಕೈ ನಡುಗಿದರೆ ಸ್ಟಿಕ್ಕರ್ ಸುಕ್ಕಾಗುತ್ತದೆ. ಆಗದ್ದನ್ನು ಆಗದು ಎಂದೆ, ಯಾರೂ ಏನೂ ಅನ್ನಲಿಲ್ಲ.

ಮನೆಯಲ್ಲಿ ಒಬ್ಬಳೇ ಕುಳಿತು ಹೊಸದಾಗಿ ಒಂದು ಮಿಡತೆ ಮಾಡಿದೆ. ಯಾರೂ ಕೇಳಿಲ್ಲ. ಸುಮ್ಮನೆ.

ಏಪ್ರಿಲ್ 8, ಮಂಗಳವಾರ

ಹನ್ನೊಂದು ಗಂಟೆಗೆ ಸೊಸೆಯ ಫೋನು. ದನಿ ಅಳುವಂತಿತ್ತು.

“ಅತ್ತೆ, ಒಂದು ಬಾಗಿಲು ಮುಚ್ಚಿಬಿಟ್ಟಿದಾರೆ. ರಕ್ತ ಪರೀಕ್ಷೆಗೆ ಈಗ ಆ ಕಡೆಯಿಂದ ಬರ್ಬೇಕಂತೆ. ನಮ್ಮ ಬಾತುಕೋಳಿಗಳೆಲ್ಲ ಉಲ್ಟಾ ದಾರಿ ತೋರಿಸ್ತಿವೆ! ಮೂರು ಗಂಟೆಗೆ ದೊಡ್ಡ ಡಾಕ್ಟ್ರು ನೋಡೋಕೆ ಬರ್ತಾರೆ. ನಾನು ಮನೆಗೆ ಬಂದು ಕತ್ತರಿಸ್ಕೊಂಡು ಹೋಗೋಷ್ಟು ಹೊತ್ತಿಲ್ಲ, ಹಳೇದನ್ನ ಕಿತ್ತು ಗೋಡೆ ಒರೆಸ್ಬೇಕು.”

“ಎಷ್ಟು ಬಾತುಕೋಳಿ?”

“ಒಂಬತ್ತು. ಅತ್ತೆ, ನೀವು ಯಂತ್ರ ಯಾವತ್ತೂ...”

“ನೀನು ಗೋಡೆ ಒರೆಸು. ನಾನು ತರ್ತೀನಿ.”

ಫೋನಿಟ್ಟು ಕಂಪ್ಯೂಟರಿನ ಮುಂದೆ ಕುಳಿತೆ. ಬಾತುಕೋಳಿಯನ್ನು ಆ ಕಡೆಗೆ ತಿರುಗಿಸುವುದು ಒಂದು ಗುಂಡಿಯ ಕೆಲಸ. ತಿರುಗಿಸಿದೆ. ಅದರ ಹೊಟ್ಟೆಯ ಮೇಲಿದ್ದ ಕೋಣೆಯ ಅಂಕಿಯೂ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಟ್ಟಿತು. ಹಾಗೇ ಕಳಿಸಿದ್ದರೆ ದೊಡ್ಡ ಡಾಕ್ಟರು ಕನ್ನಡಿ ಹಿಡಿದುಕೊಂಡು ಓದಬೇಕಿತ್ತು. ಹಿಂದಕ್ಕೆ ಒತ್ತಿ, ಅಂಕಿಯನ್ನು ಬಿಟ್ಟು ಬಾತುಕೋಳಿಯನ್ನು ಮಾತ್ರ ತಿರುಗಿಸಿದೆ. ಬರೀ ಗೆರೆ ತೋರಿಸುವುದನ್ನು ಒತ್ತಿ ನೋಡಿದೆ, ಅಡಿಯಲ್ಲಿ ಏನೂ ಇರಲಿಲ್ಲ. ಹಳದಿ ಸುರುಳಿಯನ್ನು ಯಂತ್ರಕ್ಕೆ ನೇರವಾಗಿ ಕೂರಿಸುವುದೇ ಕಷ್ಟವಾಯಿತು. ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದು ನಾಲ್ಕನೇ ಸಲಕ್ಕೆ ಕೂರಿಸಿದೆ. ಬ್ಲೇಡು ಓಡಿತು. ಸೂಜಿಯ ಕೆಲಸ ಸೊಸೆಗಿರಲಿ ಎಂದು ಹಾಳೆಗಳನ್ನು ಹಾಗೆಯೇ ಸುತ್ತಿ ಬಸ್ಸು ಹತ್ತಿದೆ.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದ. ಒಳಗೆ ಬಿಡಲು ಪುಸ್ತಕದಲ್ಲಿ ಬರೆಸಿಕೊಳ್ಳಬೇಕಂತೆ.

“ಏನ್ ಕೆಲ್ಸ ನಿಮ್ದು?”

“ಚಿತ್ರ ಬರೀತೀನಿ.”

ಅವನು ಬರೆದುಕೊಂಡು, ಸಹಿ ಹಾಕಿ ಎಂದು ಪೆನ್ನು ಕೊಟ್ಟ. ಸಹಿ ಮನೆ ಬಿಟ್ಟು ಪಕ್ಕದ ಮನೆಗೆ ಹೋಯಿತು. ಅವನು ನನ್ನ ಕೈಯನ್ನೇ ನೋಡಿದ.

“ಈ ಕೈಲಾ?”

“ಹೂಂ ಕಣಪ್ಪ, ಈ ಕೈಲೇ. ಬೇಗ ಬಿಡು, ಬಾತುಕೋಳಿಗೆ ಹೊತ್ತಾಯ್ತು.”

ಒಳಗೆ ಕಾಲಿಟ್ಟರೆ ಎದುರಿಗೇ ಆನೆ. ಆಳೆತ್ತರದ ಆನೆ. ಮೂವತ್ತು ವರ್ಷ ಏಣಿ ಹತ್ತಿದ್ದೇನೆ, ಇಷ್ಟು ದೊಡ್ಡದಾಗಿ, ಇಷ್ಟು ನುಣ್ಣಗೆ ನನ್ನಿಂದ ಒಂದು ಬೆನ್ನಿನ ಗೆರೆ ಯಾವತ್ತೂ ಬಂದಿರಲಿಲ್ಲ. ಕೈ ಚೆನ್ನಾಗಿದ್ದಾಗಲೂ ಬಂದಿರಲಿಲ್ಲ. ಅಳು ಬಂತು. ಅಲ್ಲೇ ನಿಂತು ಅತ್ತುಬಿಟ್ಟೆ. ಹೊತ್ತಾಗಿದೆ ಎಂದು ನೆನಪಾಗಿ ಮೂಗು ಒರೆಸಿಕೊಂಡು ಓಡಿದೆ.

ಸೊಸೆ ಸೂಜಿ ಹಿಡಿದಳು, ಮಗ ಏಣಿ ಹಿಡಿದ. ನಾನು ನೆಲದ ಮೇಲೆ ಕುಳಿತು “ಇನ್ನೂ ಸ್ವಲ್ಪ ಮೇಲೆ, ಹೂಂ, ಅಲ್ಲೇ” ಎಂದು ಹೇಳುತ್ತಿದ್ದೆ. ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಒಂಬತ್ತನೆಯದು ಅಂಟಿತು. ದೊಡ್ಡ ಡಾಕ್ಟರು ಬಂದು ಗೋಡೆಯನ್ನು ನೋಡಲೇ ಇಲ್ಲ. ನೆಲ ಒರೆಸುವ ಹೆಂಗಸಿನ ನಾಲ್ಕು ವರ್ಷದ ಮಗಳನ್ನು ಕರೆದು, “ಪುಟ್ಟಿ, ಬಾತುಕೋಳಿಗಳ ಮನೆ ಎಲ್ಲಿದೆ, ಹುಡ್ಕು ನೋಡೋಣ” ಎಂದರು. ಅವಳು ಮೊದಲನೆಯದರ ಮೂತಿ ಮುಟ್ಟಿದಳು, ಅದು ನೋಡುತ್ತಿದ್ದ ಕಡೆ ನೋಡಿದಳು, ಎರಡನೆಯದಕ್ಕೆ ಓಡಿದಳು. ತಿರುವಿನಲ್ಲಿ ಒಂದು ಗಳಿಗೆ ನಿಂತಳು. ಸೊಸೆಯ ಕೈ ನನ್ನ ಕೈಯನ್ನು ಹಿಡಿದದ್ದು ಆಗ, ಯಾರ ಕೈ ಹೆಚ್ಚು ನಡುಗುತ್ತಿತ್ತೋ ಹೇಳಲಾರೆ. ಹುಡುಗಿ ಆಚೆ ಗೋಡೆಯಲ್ಲಿ ಮೂರನೆಯದನ್ನು ಕಂಡು ಕೂಗಿಕೊಂಡು ಓಡಿದಳು. ಒಂಬತ್ತನ್ನೂ ಮುಟ್ಟಿ, ರಕ್ತ ಪರೀಕ್ಷೆಯ ಕೋಣೆಯ ಬಾಗಿಲು ಬಡಿದಳು.

“ಸರಿ ಇದೆ” ಎಂದರು ದೊಡ್ಡ ಡಾಕ್ಟರು. ಮೇಲ್ವಿಚಾರಕಿ ನನ್ನ ಹತ್ತಿರ ಬಂದು, ಮೇಲಿನ ಮಹಡಿಯ ವಾರ್ಡುಗಳಿಗೆ ಹಕ್ಕಿಗಳು ಬೇಕು, ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿದರು. ಸೊಸೆ ಈ ಸಲ ಬಾಯಿ ತೆರೆಯಲಿಲ್ಲ, ನನ್ನನ್ನು ನೋಡಿದಳು. “ಇಪ್ಪತ್ತು ದಿನ” ಎಂದೆ.

ಹೊರಗೆ ಬರುವಾಗ ಕಾವಲುಗಾರ ಎದ್ದು ನಿಂತ. ಒಳಗೆ ಹೋಗಿ ನೋಡಿ ಬಂದಿದ್ದನೆಂದು ಕಾಣುತ್ತದೆ.

“ಅಮ್ಮ, ನಮ್ಮ ಗೇಟಿಗೂ ಒಂದು ನಾಯಿ ಬರ್ಕೊಡ್ತೀರಾ? ನೋಡಿದ್ರೆ ಹೆದರ್ಬೇಕು, ಅಂಥದ್ದು.”

“ಮಕ್ಕಳ ಆಸ್ಪತ್ರೆಗೆ ಹೆದರಿಸೋ ನಾಯಿ ಯಾಕಪ್ಪ? ಬಾಲ ಅಲ್ಲಾಡಿಸೋದು ಬರೀತೀನಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ನಾಯಿಯದೇ ಯೋಚನೆ. ಇಪ್ಪತ್ತು ಚುಕ್ಕಿಯಲ್ಲಿ ಆಗಬಹುದು, ಬಾಲಕ್ಕೆ ನಾಲ್ಕು ಸಾಕು. ಬೆಳಿಗ್ಗೆ ಬೇಗ ಏಳಬೇಕು. ಸೊಸೆ ಮೊದಲು ಎದ್ದು ಕುಳಿತುಬಿಟ್ಟರೆ ಮಧ್ಯಾಹ್ನದವರೆಗೂ ಕಂಪ್ಯೂಟರ್ ಬಿಟ್ಟುಕೊಡುವವಳಲ್ಲ, ಮಹಾ ಹಟಮಾರಿ.